ಪ್ರಭಾವ, ವಶೀಲಿ, ಪೌರತ್ವ: ಅಮೆರಿಕದ ಅಳತೆಗೋಲೂ ಕನಕಗಿರಿಯ ಅನುಭವವೂ

೧

ನಮ್ಮ ಕಾಲೇಜುಗಳಲ್ಲಿ ಅಮೆರಿಕದ ಸರ್ಕಾರ ಪದ್ಧತಿಯನ್ನು ಬೋಧಿಸುವಾಗ ಪೌರತ್ವ, ರಾಜಕೀಯ ಸಹಭಾಗಿತ್ವ, ಪ್ರಭಾವ ಎಂಬ ಮೂರು ಮಾತುಗಳು ಒಂದರ ಬೆನ್ನಿಗೊಂದು ಬರುವುದು ವಾಡಿಕೆಯಾಗಿದೆ. ಪೌರನಾದವನು ರಾಜಕೀಯದಲ್ಲಿ ಭಾಗವಹಿಸುತ್ತಾನೆ. ಭಾಗವಹಿಸಿದವನು ಸರ್ಕಾರದ ಮೇಲೆ ಪ್ರಭಾವ ಬೀರುತ್ತಾನೆ. ಪ್ರಭಾವ ಬೀರಬಲ್ಲವನೇ ಪೂರ್ಣ ಪೌರ. ಹೀಗೆ ಮೂರು ಮಾತುಗಳೂ ಒಂದೇ ಏಣಿಯ ಮೆಟ್ಟಿಲುಗಳಾಗಿ ಪಠ್ಯಗಳಲ್ಲಿ ನಿಲ್ಲುತ್ತವೆ. ವಿದ್ಯಾರ್ಥಿಯು ಇದನ್ನು ಓದಿ, ಬರೆದು, ತೇರ್ಗಡೆಯಾಗಿ ಊರಿಗೆ ಹಿಂದಿರುಗಿದ ಮೇಲೆ, ಅಲ್ಲಿ ಕಂಡ ರಾಜಕೀಯವನ್ನು ಈ ಏಣಿಗೆ ಆನಿಸಿ ನೋಡಿ ಎರಡರಲ್ಲೊಂದು ತೀರ್ಮಾನಕ್ಕೆ ಬರುತ್ತಾನೆ: ತನ್ನ ಊರಿನವರು ಇನ್ನೂ ಪೌರರಾಗಿಲ್ಲವೆಂದು, ಇಲ್ಲವೆ ತಾನು ಓದಿದ್ದು ಪರೀಕ್ಷೆಗೆ ಮಾತ್ರ ಎಂದು. ಎರಡೂ ತಪ್ಪೆಂಬುದು ನಮ್ಮ ಅಭಿಪ್ರಾಯ. ದೋಷವಿರುವುದು ಊರಿನವರಲ್ಲಿಯೂ ಅಲ್ಲ, ಓದಿನಲ್ಲಿಯೂ ಅಲ್ಲ. ಮೆಟ್ಟಿಲುಗಳನ್ನು ಒಂದರ ಮೇಲೊಂದಾಗಿ ಜೋಡಿಸಿರುವ ಕ್ರಮದಲ್ಲಿ. ಅದನ್ನು ಒಂದು ಪ್ರತ್ಯಕ್ಷ ನಿದರ್ಶನದಿಂದ ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ.

ನಿದರ್ಶನಕ್ಕಾಗಿ ನಾವು ಆಯ್ದುಕೊಂಡಿರುವುದು ಕೊಪ್ಪಳ ಜಿಲ್ಲೆಯ ಕನಕಗಿರಿ. ಕಾಲಿದ್ದವರು ಹಂಪಿಯನ್ನು ನೋಡಬೇಕು, ಕಣ್ಣಿದ್ದವರು ಕನಕಗಿರಿಯನ್ನು ನೋಡಬೇಕು ಎಂಬ ಗಾದೆ ಆ ಸೀಮೆಯಲ್ಲಿ ಪ್ರಸಿದ್ಧ. ಗಾದೆ ಹುಟ್ಟಿದ್ದು ಕನಕಾಚಲಪತಿ ದೇವಾಲಯದ ಸೊಬಗನ್ನು ಕುರಿತು, ಸಂದೇಹವಿಲ್ಲ. ಆದರೆ ರಾಜ್ಯಶಾಸ್ತ್ರದ ವಿದ್ಯಾರ್ಥಿಗೂ ಕಣ್ಣಿದ್ದರೆ ಅಲ್ಲಿ ನೋಡತಕ್ಕದ್ದು ಉಂಟು.

ಮೊದಲು ಮಾತುಗಳನ್ನೇ ಪರಿಶೀಲಿಸೋಣ. ಆಡಳಿತಕ್ಕೆ ವಿಧೇಯನಾದವನು ಬೇರೆ, ಆಡಳಿತದಲ್ಲಿ ಪಾಲುಗಾರನಾದವನು ಬೇರೆ ಎಂದು ಆ ದೇಶದ ಗ್ರಂಥಗಳು ಎರಡು ಬೇರೆ ಶಬ್ದಗಳಿಂದ ವಿಂಗಡಿಸುತ್ತವೆ. ನಮ್ಮಲ್ಲಿ ಇಬ್ಬರಿಗೂ ‘ಪ್ರಜೆ’ ಎಂಬ ಒಂದೇ ಹೆಸರು. ಅರಸನ ಪ್ರಜೆಯೂ ಪ್ರಜೆಯೇ. ಪ್ರಜಾಪ್ರಭುತ್ವದ ಪ್ರಜೆಯೂ ಪ್ರಜೆಯೇ. ‘ಪೌರ’ ಎಂಬ ಮಾತು ಪುರಕ್ಕೆ ಸೇರಿದ್ದು. ಹಳ್ಳಿಯವನ ಬಾಯಲ್ಲಿ ಅದು ಕೇಳಿಬರುವುದಿಲ್ಲ. ಇನ್ನು ‘ಪ್ರಭಾವ’ವನ್ನು ನೋಡಿದರೆ, ಅದು ಪಠ್ಯಪುಸ್ತಕದ ಮಾತು. ದಶಕಗಳ ಕಾಲ ಉರ್ದು ಕಚೇರಿಯ ಭಾಷೆಯಾಗಿದ್ದ ಹೈದರಾಬಾದು ಸೀಮೆಯ ಕನ್ನಡದಲ್ಲಿ ಆ ಅರ್ಥಕ್ಕೆ ಬಳಕೆಯಲ್ಲಿರುವುದು ‘ವಶೀಲಿ’. ವಶೀಲಿಯೆಂದರೆ ಕಾನೂನನ್ನು ಮಾಡಿಸುವ ಶಕ್ತಿಯಲ್ಲ. ಮಾಡಿಟ್ಟ ಕಾನೂನು ತನ್ನ ಪಾಲಿಗೆ ನಡೆಯುವಂತೆ, ಕೆಲವೊಮ್ಮೆ ತನ್ನ ಪಾಲಿಗೆ ನಡೆಯದಂತೆ, ನೋಡಿಕೊಳ್ಳುವ ಶಕ್ತಿ. ಮೇಲೆ ಯಾರಾದರೂ ತನ್ನವರಿರುವುದೇ ಅದರ ಮೂಲಧನ. ಒಂದೇ ವಸ್ತುವಿಗೆ ಇರುವ ಎರಡು ಹೆಸರುಗಳಲ್ಲ ಇವು, ಎರಡು ವಸ್ತುಗಳು. ಈ ವ್ಯತ್ಯಾಸವನ್ನು ಮರೆತುದರಿಂದಲೇ ಅನೇಕ ಗೊಂದಲಗಳು ಹುಟ್ಟಿಕೊಂಡಿವೆ.

ಅಮೆರಿಕದ ವಿದ್ವಾಂಸರು ಏನು ಹೇಳಿದ್ದಾರೆಂಬುದನ್ನು ಸಂಕ್ಷೇಪವಾಗಿ ನೆನೆಯಬೇಕು. ಗೇಬ್ರಿಯಲ್ ಆಲ್ಮಂಡ್ ಮತ್ತು ಸಿಡ್ನಿ ವರ್ಬಾ ಇವರು ೧೯೬೩ರಲ್ಲಿ ಪ್ರಕಟಿಸಿದ ‘ದಿ ಸಿವಿಕ್ ಕಲ್ಚರ್’ ಎಂಬ ಗ್ರಂಥ ಅಮೆರಿಕ, ಬ್ರಿಟನ್, ಜರ್ಮನಿ, ಇಟಲಿ, ಮೆಕ್ಸಿಕೊ ಈ ಐದು ದೇಶಗಳಲ್ಲಿ ೧೯೫೯–೬೦ರ ಅವಧಿಯಲ್ಲಿ ನಡೆಸಿದ ಸಮೀಕ್ಷೆಯನ್ನು ಆಧರಿಸಿದೆ. ಅನ್ಯಾಯವೆಂದು ತೋರುವ ಕಾನೂನೊಂದು ರಚಿತವಾಗುತ್ತಿದ್ದರೆ ನೀವೇನು ಮಾಡಬಲ್ಲಿರಿ ಎಂದು ಅವರು ಜನರನ್ನು ಕೇಳಿದರು. ನೆರೆಹೊರೆಯವರನ್ನು ಕೂಡಿಸಿಕೊಂಡು ಪ್ರಯತ್ನಿಸುತ್ತೇವೆಂಬ ಉತ್ತರ ಅಮೆರಿಕದಲ್ಲಿ ಹೇರಳವಾಗಿ ದೊರೆಯಿತು. ಕಾನೂನಿನ ರಚನೆಯ ಮೇಲೆ ಪ್ರಭಾವ ಬೀರುವ ಈ ಆತ್ಮವಿಶ್ವಾಸವನ್ನು ಗ್ರಂಥಕರ್ತರು ಪೌರನ ಸಾಮರ್ಥ್ಯವೆಂದು ಕರೆದರು. ಅಧಿಕಾರಿಯ ಎದುರಿನಲ್ಲಿ ನಿಯಮದಂತೆ ನಡೆಸಿಕೊಳ್ಳಲ್ಪಡುವ ಭರವಸೆಯನ್ನು ಅಧೀನನ ಸಾಮರ್ಥ್ಯವೆಂದು ಕರೆದರು. ಎರಡೂ ಕೂಡಿರಬೇಕೆಂದು ಅವರು ಒಪ್ಪಿದರಾದರೂ, ಗ್ರಂಥದ ಒಲವು ಮೊದಲನೆಯದರ ಕಡೆಗೇ ಇದೆಯೆಂಬುದು ಓದುಗರಿಗೆ ಅರಿವಾಗದೆ ಇರದು. ನಮ್ಮ ಪಠ್ಯಗಳಂತೂ ಒಲವನ್ನೇ ಸಿದ್ಧಾಂತವಾಗಿ ಮಾಡಿಕೊಂಡಿವೆ.

ರಾಬರ್ಟ್ ಡಾಲ್ ಅವರು ೧೯೬೧ರ ತಮ್ಮ ಗ್ರಂಥದಲ್ಲಿ ನ್ಯೂಹೇವನ್ ನಗರದ ಮೂರು ವಿಷಯಗಳನ್ನು ತೆಗೆದುಕೊಂಡು — ನಗರದ ಪುನರ್ನಿರ್ಮಾಣ, ಶಾಲೆಗಳು, ಅಭ್ಯರ್ಥಿಗಳ ಆಯ್ಕೆ — ಯಾರ ಮಾತು ಎಲ್ಲಿ ನಡೆಯಿತೆಂಬುದನ್ನು ಪರಿಶೀಲಿಸಿ, ಪ್ರಭಾವವು ಒಂದೇ ಗುಂಪಿನ ಸ್ವತ್ತಲ್ಲವೆಂದು ತೋರಿಸಿದರು. ಮರುವರ್ಷವೇ ಬ್ಯಾಕ್ರಾಕ್ ಮತ್ತು ಬಾರಾಟ್ಸ್ ಎಂಬಿಬ್ಬರು, ಚರ್ಚೆಗೆ ಬಂದ ವಿಷಯಗಳನ್ನು ಎಣಿಸಿದರೆ ಸಾಲದು, ಚರ್ಚೆಗೇ ಬಾರದಂತೆ ತಡೆಯಲ್ಪಟ್ಟ ವಿಷಯಗಳಲ್ಲಿಯೂ ಅಧಿಕಾರವು ಅಡಗಿರುತ್ತದೆಂದು ಆಕ್ಷೇಪಿಸಿದರು. ೧೯೭೨ರಲ್ಲಿ ವರ್ಬಾ ಮತ್ತು ನೀ ಅವರು ಸಹಭಾಗಿತ್ವವನ್ನು ಮತದಾನ, ಚುನಾವಣಾ ಪ್ರಚಾರ, ಸಾಮುದಾಯಿಕ ಕಾರ್ಯ, ಸ್ವಂತ ಕೆಲಸಕ್ಕಾಗಿ ಅಧಿಕಾರಸ್ಥರನ್ನು ಕಾಣುವುದು ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದರು. ಕಡೆಯದು ವಶೀಲಿಯ ಸೋದರನೇ ಸರಿ. ಆದರೆ ಅಲ್ಲಿ ಅದಕ್ಕೆ ದೊರೆತದ್ದು ಪಂಕ್ತಿಯ ಕೊನೆಯ ಮಣೆ.

ಈ ಶಾಸ್ತ್ರದೊಳಗಿನಿಂದಲೇ ಬಂದ ಎಚ್ಚರಿಕೆಯ ಮಾತುಗಳು ನಮ್ಮ ಪಠ್ಯಗಳಿಗೆ ಏಕೋ ಇನ್ನೂ ತಲಪಿಲ್ಲ. ಜೇಮ್ಸ್ ಸ್ಕಾಟ್ ಅವರು ೧೯೬೯ರಷ್ಟು ಹಿಂದೆಯೇ, ಹೊಸದಾಗಿ ಸ್ವತಂತ್ರವಾದ ದೇಶಗಳಲ್ಲಿ ಜನರ ಪ್ರಭಾವವು ಕಾನೂನನ್ನು ರಚಿಸುವ ಹಂತದಲ್ಲಿ ಅಲ್ಲ, ಜಾರಿಗೊಳಿಸುವ ಹಂತದಲ್ಲಿ ಹರಿಯುತ್ತದೆಂದು ಗುರುತಿಸಿದ್ದರು. ಗಿಲೆನ್ಸ್ ಮತ್ತು ಪೇಜ್ ಅವರು ೨೦೧೪ರಲ್ಲಿ ೧೭೭೯ ನೀತಿವಿಷಯಗಳನ್ನು ಪರಿಶೀಲಿಸಿ, ಅಮೆರಿಕದಲ್ಲಿ ಸಾಮಾನ್ಯ ಪೌರನ ಇಚ್ಛೆಗೆ ಸರ್ಕಾರದ ನೀತಿಯ ಮೇಲೆ ಸ್ವತಂತ್ರವಾದ ಪ್ರಭಾವ ಇಲ್ಲವೆನ್ನುವಷ್ಟು ಅಲ್ಪವೆಂದು ಹೇಳಿದರು. ಅವರ ಲೆಕ್ಕಾಚಾರವನ್ನು ಒಪ್ಪದವರೂ ಇದ್ದಾರೆ. ಇರಲಿ. ಏಣಿಯನ್ನು ಮಾಡಿದ ಮನೆಯಲ್ಲಿಯೇ ಅದರ ಮೇಲಿನ ಮೆಟ್ಟಿಲು ಅಲುಗುತ್ತಿದೆಯೆಂಬುದನ್ನು ತಿಳಿದುಕೊಂಡು ಮುಂದೆ ಹೋಗೋಣ.

೨

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ಸೀಮೆಗೆ ಪೌರತ್ವ ಬಂದ ಬಗೆಯೇ ವಿಲಕ್ಷಣವಾದುದು. ನಿಜಾಮನ ರಾಜ್ಯದಲ್ಲಿ ರಾಯಚೂರು ಜಿಲ್ಲೆಗೆ ಸೇರಿದ್ದ ಈ ನಾಡಿನಲ್ಲಿ ಕೊಪ್ಪಳ, ಯಲಬುರ್ಗಾಗಳು ಸಾಲಾರ್ ಜಂಗರ ಜಹಗೀರು. ಅಂದರೆ ಅಲ್ಲಿಯ ರೈತನು ಅರಸನಿಗೂ ಪ್ರಜೆ, ಜಹಗೀರುದಾರನಿಗೂ ಪ್ರಜೆ. ೧೯೪೮ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದಲ್ಲಿ ವಿಲೀನವಾಯಿತು. ೧೯೪೯ರಲ್ಲಿ ಜಹಗೀರುಗಳು ರದ್ದಾದವು. ೧೯೫೨ರ ಆರಂಭದ ಹೊತ್ತಿಗೆ ಇಪ್ಪತ್ತೊಂದು ವರ್ಷ ತುಂಬಿದ ಪ್ರತಿಯೊಬ್ಬ ಗಂಡಸೂ ಹೆಂಗಸೂ ಮತಪೆಟ್ಟಿಗೆಯ ಎದುರಿಗೆ ನಿಂತಿದ್ದರು. ಎರಡು ಹಂತದ ಅಧೀನತೆಯಿಂದ ಪೂರ್ಣ ಮತಾಧಿಕಾರಕ್ಕೆ ಬಂದು ಸೇರಲು ಹಿಡಿದದ್ದು ನಾಲ್ಕು ವರ್ಷಕ್ಕೂ ಕಡಿಮೆ.

ಓದುಬರಹ ಬಲ್ಲವರು ವಿರಳವಾಗಿದ್ದ ಕಾಲವದು. ಪ್ರತಿಯೊಬ್ಬ ಅಭ್ಯರ್ಥಿಗೂ ಅವನ ಚಿಹ್ನೆಯನ್ನು ಅಂಟಿಸಿದ ಬೇರೆ ಬೇರೆ ಪೆಟ್ಟಿಗೆಗಳನ್ನಿಟ್ಟು ಮತದಾನ ನಡೆಸಿದರು. ಅಕ್ಷರ ಬಾರದಿರುವುದು ಅನರ್ಹತೆಯಾಗಲಿಲ್ಲ. ಅದೇ ವರ್ಷದಲ್ಲಿ ಅಮೆರಿಕದ ದಕ್ಷಿಣದ ಹಲವು ಸಂಸ್ಥಾನಗಳಲ್ಲಿ ಕರಿಯ ಪೌರನು ಮತದಾರರ ಪಟ್ಟಿಗೆ ಸೇರಬೇಕಾದರೆ ಅಕ್ಷರಪರೀಕ್ಷೆಗೆ ಕೂರಬೇಕಾಗಿತ್ತು. ಕೆಲವೆಡೆ ಮತ ಹಾಕುವ ಹಕ್ಕಿಗೆ ತಲೆಗಂದಾಯವನ್ನೂ ತೆರಬೇಕಾಗಿತ್ತು. ಒಕ್ಕೂಟದ ಚುನಾವಣೆಗಳಿಗೆ ತಲೆಗಂದಾಯ ರದ್ದಾದದ್ದು ೧೯೬೪ರ ಇಪ್ಪತ್ತನಾಲ್ಕನೆಯ ತಿದ್ದುಪಡಿಯಿಂದ. ಅಕ್ಷರಪರೀಕ್ಷೆಗೆ ಪೆಟ್ಟು ಬಿದ್ದದ್ದು ೧೯೬೫ರ ಮತಾಧಿಕಾರ ಕಾಯಿದೆಯಿಂದ. ಇಂದಿಗೂ ಆ ದೇಶದಲ್ಲಿ, ಉತ್ತರ ಡಕೋಟವೊಂದನ್ನು ಬಿಟ್ಟರೆ, ಮತದಾರನಾಗಿ ನೋಂದಣಿಯಾಗದೆ ಮತವಿಲ್ಲ. ನೋಂದಣಿಯ ಹೊಣೆಯೂ ಬಹುಮಟ್ಟಿಗೆ ಪೌರನದೇ. ನಮ್ಮಲ್ಲಿ ಪಟ್ಟಿಯನ್ನು ಸಿದ್ಧಪಡಿಸುವ ಹೊಣೆ ಚುನಾವಣಾ ಆಯೋಗದ್ದು. ಆದುದರಿಂದ ಮತದಾನವೆಂಬ ಮೆಟ್ಟಿಲಿನ ಮಟ್ಟಿಗೆ ಕನಕಗಿರಿಯವನು ಅಲಬಾಮದವನಿಗಿಂತ ಮೊದಲೇ ಮೇಲೆ ಏರಿದ್ದನೆಂದು ಹೇಳಲು ನಾವು ಹಿಂಜರಿಯಬೇಕಾಗಿಲ್ಲ.

ಹಾಗೆಯೇ, ಅಮೆರಿಕದಲ್ಲಿ ಹಣವೂ ವಿದ್ಯೆಯೂ ಹೆಚ್ಚಿದಂತೆ ಮತ ಹಾಕುವವರ ಪ್ರಮಾಣ ಹೆಚ್ಚುತ್ತದೆ. ನಮ್ಮಲ್ಲಿ ಸ್ಥಿತಿ ಬೇರೆ. ೨೦೨೩ರ ವಿಧಾನಸಭೆಯ ಚುನಾವಣೆಯಲ್ಲಿ ಇಡೀ ಕರ್ನಾಟಕದಲ್ಲಿ ಶೇಕಡ ೭೩ರಷ್ಟು ಮತದಾನವಾದರೆ, ವಿದ್ಯಾವಂತರ ಬೀಡಾದ ಬೆಂಗಳೂರು ನಗರದಲ್ಲಿ ಅದು ಶೇಕಡ ೬೦ನ್ನೂ ಮುಟ್ಟಲಿಲ್ಲ. ಸಹಭಾಗಿತ್ವವು ವಿದ್ಯೆಯ ಫಲವೆಂಬ ಪಾಠವನ್ನು ಬೋಧಿಸುವಾಗ ಅಧ್ಯಾಪಕರು ಈ ಅಂಕಿಗಳನ್ನು ಹಲಗೆಯ ಮೂಲೆಯಲ್ಲಿ ಬರೆದಿಟ್ಟುಕೊಳ್ಳುವುದು ಲೇಸು.

೧೯೫೨ರ ಆ ಚುನಾವಣೆಯಲ್ಲಿ ಕುಷ್ಟಗಿ ಲೋಕಸಭಾ ಕ್ಷೇತ್ರದಿಂದ ಆರಿಸಿಬಂದವರು ಅಳವಂಡಿಯ ಶಿವಮೂರ್ತಿಸ್ವಾಮಿಗಳು. ನಿಜಾಮನ ವಿರುದ್ಧದ ಹೋರಾಟದಲ್ಲಿ ಮುಂಡರಗಿಯ ಶಿಬಿರವನ್ನು ನಡೆಸಿದ ಅವರು ನಿಂತದ್ದು ಪಕ್ಷೇತರರಾಗಿ. ದೇಶವೆಲ್ಲ ಕಾಂಗ್ರೆಸ್ಸಿನ ಕಡೆಗೆ ವಾಲಿದ್ದ ವರ್ಷದಲ್ಲಿ ಈ ಸೀಮೆಯ ಹೊಸ ಮತದಾರನು ಪಕ್ಷವನ್ನು ಬದಿಗಿಟ್ಟು ವ್ಯಕ್ತಿಯನ್ನು ಆರಿಸಿದನು. ಆದರೆ ಆ ಲೋಕಸಭೆಯ ೪೮೯ ಸ್ಥಾನಗಳಲ್ಲಿ ೩೬೪ ಕಾಂಗ್ರೆಸ್ಸಿನವು. ಪಕ್ಷೇತರನೊಬ್ಬನ ಮತದಿಂದ ಅಲ್ಲಿ ಏನೂ ಏರುಪೇರಾಗುವಂತಿರಲಿಲ್ಲ. ಅವನಿಗಿದ್ದದ್ದು ಮಾತು ಮಾತ್ರ. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಅದರ ಜತೆಗಿಟ್ಟು ನೋಡಬೇಕಾದ ಇನ್ನೊಂದು ಸಂಗತಿ ಐವತ್ತಾರು ವರ್ಷಗಳ ತರುವಾಯ ನಡೆಯಿತು.

೩

೨೦೦೮ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಕನಕಗಿರಿ ವಿಧಾನಸಭಾ ಕ್ಷೇತ್ರವು ಪರಿಶಿಷ್ಟ ಜಾತಿಗೆ ಮೀಸಲಾಯಿತು. ಆ ವರ್ಷದ ಮೇ ತಿಂಗಳ ಚುನಾವಣೆಯಲ್ಲಿ ಅಲ್ಲಿಂದ ಪಕ್ಷೇತರರಾಗಿ ಶಿವರಾಜ ತಂಗಡಗಿ ಅವರು ಗೆದ್ದರು. ರಾಜ್ಯದ ಒಟ್ಟು ಫಲಿತಾಂಶ ಹೀಗಿತ್ತು: ಭಾರತೀಯ ಜನತಾ ಪಕ್ಷಕ್ಕೆ ೧೧೦, ಕಾಂಗ್ರೆಸ್ಸಿಗೆ ೮೦, ಜನತಾದಳಕ್ಕೆ ೨೮, ಪಕ್ಷೇತರರು ೬. ೨೨೪ ಸ್ಥಾನಗಳ ಸಭೆಯಲ್ಲಿ ಬಹುಮತಕ್ಕೆ ೧೧೩ ಬೇಕು. ಮೂರು ಸ್ಥಾನಗಳ ಕೊರತೆ ಆರು ಮಂದಿ ಪಕ್ಷೇತರರನ್ನು ರಾತ್ರಿ ಬೆಳಗಾಗುವುದರೊಳಗೆ ರಾಜ್ಯದ ಕೇಂದ್ರಕ್ಕೆ ತಂದು ನಿಲ್ಲಿಸಿತು. ಅವರಲ್ಲಿ ಐವರು ಬಿ. ಎಸ್. ಯಡಿಯೂರಪ್ಪನವರ ಸರ್ಕಾರವನ್ನು ಬೆಂಬಲಿಸಿ ಮಂತ್ರಿಗಳಾದರು. ತಂಗಡಗಿಯವರು ಆ ಐವರಲ್ಲಿ ಒಬ್ಬರು.

ಮತದಾರನ ಕಡೆಯಿಂದ ನೋಡಿದರೆ ೧೯೫೨ರಲ್ಲಿ ಪಕ್ಷೇತರನನ್ನು ಆರಿಸಿದ ಕ್ರಿಯೆಗೂ ೨೦೦೮ರಲ್ಲಿ ಆರಿಸಿದ ಕ್ರಿಯೆಗೂ ಭೇದವಿಲ್ಲ. ಅದೇ ಸರದಿ, ಅದೇ ಬೆರಳಿನ ಶಾಯಿ. ಆದರೆ ಒಂದರ ಪ್ರಭಾವ ಸೊನ್ನೆಗೆ ಹತ್ತಿರ, ಇನ್ನೊಂದರ ಪ್ರಭಾವ ಸರ್ಕಾರವನ್ನು ಏಳಿಸಿ ಬೀಳಿಸುವಷ್ಟು. ವ್ಯತ್ಯಾಸವನ್ನು ಉಂಟುಮಾಡಿದ್ದು ಈ ಸೀಮೆಯ ಪೌರರ ಶಿಕ್ಷಣವೂ ಅಲ್ಲ, ಸಂಘಟನೆಯೂ ಅಲ್ಲ, ಆತ್ಮವಿಶ್ವಾಸವೂ ಅಲ್ಲ. ಬೇರೆ ಕ್ಷೇತ್ರಗಳಲ್ಲಿ ಬಿದ್ದ ಮತಗಳ ಕೂಡಿಕೆ ಕಳೆಯುವಿಕೆ. ಸಹಭಾಗಿತ್ವ ಹೆಚ್ಚಿದಂತೆ ಪ್ರಭಾವ ಹೆಚ್ಚುತ್ತದೆಂಬ ಸೂತ್ರ ಇಲ್ಲಿ ಮೊದಲ ಬಾರಿ ಎಡವುತ್ತದೆ.

ಎರಡನೆಯ ಬಾರಿ ಎಡವುವುದು ೨೦೧೦ರಲ್ಲಿ. ಆ ವರ್ಷದ ಅಕ್ಟೋಬರ್ ತಿಂಗಳಲ್ಲಿ ಆಳುವ ಪಕ್ಷದ ಹನ್ನೊಂದು ಶಾಸಕರೂ ಈ ಐವರು ಪಕ್ಷೇತರರೂ ತಮ್ಮ ಬೆಂಬಲವನ್ನು ಹಿಂತೆಗೆದುಕೊಂಡಿರುವುದಾಗಿ ರಾಜ್ಯಪಾಲರಿಗೆ ಬರೆದು ತಿಳಿಸಿದರು. ವಿಶ್ವಾಸಮತದ ಹಿಂದಿನ ದಿನ, ಅಕ್ಟೋಬರ್ ೧೦ರಂದು, ಸಭಾಧ್ಯಕ್ಷರಾಗಿದ್ದ ಕೆ. ಜಿ. ಬೋಪಯ್ಯನವರು ಹದಿನಾರು ಮಂದಿಯನ್ನೂ ಅನರ್ಹಗೊಳಿಸಿದರು. ಅಕ್ಟೋಬರ್ ೧೧ರಂದು ಧ್ವನಿಮತದಿಂದಲೂ, ಅದು ವಿವಾದಕ್ಕೊಳಗಾದ ಮೇಲೆ ೧೪ರಂದು ೧೦೬–೧೦೦ರ ಎಣಿಕೆಯಿಂದಲೂ ಸರ್ಕಾರ ಉಳಿಯಿತು. ಉಚ್ಚ ನ್ಯಾಯಾಲಯವು ಅನರ್ಹತೆಯನ್ನು ಎತ್ತಿಹಿಡಿಯಿತು. ಸರ್ವೋಚ್ಚ ನ್ಯಾಯಾಲಯವು ೨೦೧೧ರ ಮೇ ತಿಂಗಳಲ್ಲಿ ಅದನ್ನು ರದ್ದುಪಡಿಸಿತು.

ಪಕ್ಷೇತರರ ಮಟ್ಟಿಗೆ ಕಾನೂನಿನ ಪ್ರಶ್ನೆ ಕುತೂಹಲಕರವಾದದ್ದು. ಸಂವಿಧಾನದ ಹತ್ತನೆಯ ಅನುಸೂಚಿಯ ಪ್ರಕಾರ, ಪಕ್ಷೇತರನಾಗಿ ಆರಿಸಿಬಂದವನು ಚುನಾವಣೆಯ ತರುವಾಯ ಯಾವುದಾದರೂ ಪಕ್ಷವನ್ನು ಸೇರಿದರೆ ಸದಸ್ಯತ್ವವನ್ನು ಕಳೆದುಕೊಳ್ಳುತ್ತಾನೆ. ಸರ್ಕಾರವನ್ನು ಬೆಂಬಲಿಸಿ ಮಂತ್ರಿಯಾಗುವುದು ಪಕ್ಷವನ್ನು ಸೇರಿದಂತೆಯೇ ಎಂಬುದೇ ವಿವಾದ. ಹಾಗೆ ಎಣಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಕಾನೂನಿನ ದೃಷ್ಟಿಯಿಂದ ಇದು ಯುಕ್ತವಾದ ತೀರ್ಮಾನವೆಂದು ನಮಗೆ ತೋರುತ್ತದೆ. ಆದರೆ ಪೌರತ್ವದ ದೃಷ್ಟಿಯಿಂದ ಕೇಳಬೇಕಾದ ಪ್ರಶ್ನೆಯನ್ನು ಆ ಮೊಕದ್ದಮೆಯಲ್ಲಿ ಯಾರೂ ಕೇಳಲಿಲ್ಲ. ಕೇಳುವುದಕ್ಕೆ ಎಡೆಯೂ ಇರಲಿಲ್ಲ. ಅನರ್ಹತೆಯ ಅರ್ಜಿಯಲ್ಲಿ ಸದಸ್ಯನು ಕಕ್ಷಿ, ಪಕ್ಷವು ಕಕ್ಷಿ, ಸಭಾಧ್ಯಕ್ಷರು ನಿರ್ಣಾಯಕರು. ಕ್ಷೇತ್ರದ ಮತದಾರರು ಏನೂ ಅಲ್ಲ. ೨೦೧೦ರ ಅಕ್ಟೋಬರಿನಿಂದ ೨೦೧೧ರ ಮೇವರೆಗೆ ಏಳು ತಿಂಗಳು ಕನಕಗಿರಿಗೆ ವಿಧಾನಸಭೆಯಲ್ಲಿ ಪ್ರತಿನಿಧಿಯಿರಲಿಲ್ಲ. ಅವರನ್ನು ಕಳುಹಿಸಿದ್ದು ಜನ; ಮಂತ್ರಿಯಾಗುವಾಗ ಜನರನ್ನು ಕೇಳುವ ವಿಧಿಯಿಲ್ಲ; ಬೆಂಬಲ ಹಿಂತೆಗೆಯುವಾಗ ಕೇಳುವ ವಿಧಿಯಿಲ್ಲ; ಅನರ್ಹಗೊಳಿಸುವಾಗಲೂ ಇಲ್ಲ, ಹಿಂದಿರುಗಿಸುವಾಗಲೂ ಇಲ್ಲ. ಮೀಸಲು ಕ್ಷೇತ್ರವೊಂದು ತನ್ನ ಮೊದಲ ಅವಧಿಯಲ್ಲಿಯೇ ಈ ಅನುಭವಕ್ಕೆ ಗುರಿಯಾಯಿತೆಂಬುದನ್ನು ಗಮನಿಸದೆ ಇರಲಾಗದು.

ಇದು ನಮ್ಮ ದೇಶದ ಪಕ್ಷಾಂತರ ರಾಜಕೀಯದ ದೋಷ, ಅಮೆರಿಕದಲ್ಲಿ ಹೀಗಾಗದು ಎಂದು ಕೆಲವರು ಹೇಳಬಹುದು. ಆಗಿದೆ. ೨೦೦೧ರ ಆರಂಭದಲ್ಲಿ ಅಮೆರಿಕದ ಸೆನೆಟ್ಟು ೫೦–೫೦ಕ್ಕೆ ಸಮನಾಗಿ ಒಡೆದಿದ್ದು, ಉಪಾಧ್ಯಕ್ಷರ ನಿರ್ಣಾಯಕ ಮತದಿಂದ ರಿಪಬ್ಲಿಕನ್ ಪಕ್ಷದ ಕೈಯಲ್ಲಿತ್ತು. ಮೇ ತಿಂಗಳಲ್ಲಿ ವರ್ಮಾಂಟ್ ಸಂಸ್ಥಾನದ ಜೇಮ್ಸ್ ಜೆಫರ್ಡ್ಸ್ ಎಂಬ ಸದಸ್ಯರು ಆ ಪಕ್ಷವನ್ನು ಬಿಟ್ಟು ಪಕ್ಷೇತರರಾಗಿ ಡೆಮಾಕ್ರಟಿಕ್ ಪಕ್ಷದವರೊಡನೆ ಕೂತರು. ಒಬ್ಬರು ಸ್ಥಾನ ಬದಲಾಯಿಸಿದ್ದರಿಂದ ಸಭೆಯ ಬಹುಮತವೂ ಸಮಿತಿಗಳ ಅಧ್ಯಕ್ಷತೆಗಳೂ ಬದಲಾದವು. ಅವರನ್ನು ಅನರ್ಹಗೊಳಿಸುವ ಕಾನೂನು ಅಲ್ಲಿಲ್ಲ. ವರ್ಮಾಂಟಿನ ಮತದಾರರನ್ನು ಕೇಳುವ ಕಾನೂನೂ ಇಲ್ಲ. ಅವರು ಮತ್ತೆ ಚುನಾವಣೆಗೆ ನಿಲ್ಲಲಿಲ್ಲವಾದುದರಿಂದ ಅವರನ್ನೇ ಕುರಿತು ಮೆಚ್ಚುಗೆಯನ್ನಾಗಲಿ ಅಸಮಾಧಾನವನ್ನಾಗಲಿ ಮತದಿಂದ ತಿಳಿಸುವ ಸಂದರ್ಭವೂ ಅಲ್ಲಿಯವರಿಗೆ ದೊರೆಯಲಿಲ್ಲ. ಕನಕಗಿರಿಯವರಿಗೆ ದೊರೆಯಿತು: ತಂಗಡಗಿಯವರನ್ನು ೨೦೧೩ರಲ್ಲಿ ಕಾಂಗ್ರೆಸ್ಸಿನ ಅಭ್ಯರ್ಥಿಯಾಗಿ ಗೆಲ್ಲಿಸಿದರು, ೨೦೧೮ರಲ್ಲಿ ಅವರನ್ನು ಬಿಟ್ಟು ಭಾರತೀಯ ಜನತಾ ಪಕ್ಷದ ಬಸವರಾಜ ದಢೇಸುಗೂರು ಅವರನ್ನು ಆರಿಸಿದರು, ೨೦೨೩ರಲ್ಲಿ ಮತ್ತೆ ತಂಗಡಗಿಯವರನ್ನೇ ಕರೆದರು. ಮತದಾರನು ಉದಾಸೀನನೆಂದು ಯಾರೂ ಹೇಳಲಾರರು.

ಎರಡೂ ನಿದರ್ಶನಗಳಿಂದ ಹೊರಡುವ ಅಂಶ ಒಂದೇ. ಪ್ರತಿನಿಧಿಯ ಪ್ರಭಾವವನ್ನು ಪೌರನ ಪ್ರಭಾವವೆಂದು ಲೆಕ್ಕ ಹಾಕುವುದು ಸಲ್ಲದು. ಮೊದಲನೆಯದು ಎರಡನೆಯದರಿಂದ ಹುಟ್ಟುತ್ತದೆ; ಹುಟ್ಟಿದ ಮೇಲೆ ಬೇರೆ ಮನೆ ಹೂಡುತ್ತದೆ. ಡಾಲ್ ಅವರಂತಹ ಸೂಕ್ಷ್ಮಮತಿಗಳು ಪ್ರತಿನಿಧಿಯು ಮುಂದಿನ ಚುನಾವಣೆಯನ್ನು ನೆನೆದು ನಡೆಯುವುದರಿಂದ ಪೌರನಿಗೆ ಪರೋಕ್ಷ ಪ್ರಭಾವ ಇದ್ದೇ ಇರುತ್ತದೆಂದು ಹೇಳುತ್ತಾರೆ. ನೆನೆಯುವುದು ನಿಜ. ಆದರೆ ನೆನೆದು ಏನನ್ನು ತರುತ್ತಾನೆ? ರಸ್ತೆ, ಕಟ್ಟಡ, ಕುಡಿಯುವ ನೀರು, ವರ್ಗಾವಣೆ. ಇವು ಸಣ್ಣ ವಸ್ತುಗಳಲ್ಲ. ಬೇಸಗೆಯಲ್ಲಿ ಕನಕಗಿರಿಯ ಬಯಲನ್ನು ಕಂಡವರು ಕುಡಿಯುವ ನೀರನ್ನು ಸಣ್ಣದೆನ್ನಲಾರರು. ಆದರೂ ಇವೆಲ್ಲ ಜಾರಿಯ ಹಂತದವು, ರಚನೆಯ ಹಂತದವಲ್ಲ. ಸರ್ಕಾರದ ಉಳಿವು ಅಳಿವೇ ಕೈಯಲ್ಲಿದ್ದಾಗಲೂ ಕ್ಷೇತ್ರವು ಪಡೆಯಬಹುದಾದುದು ದೊಡ್ಡ ವಶೀಲಿಯೇ ಹೊರತು ಪಠ್ಯದ ಪ್ರಭಾವವಲ್ಲ.

ತುಂಗಭದ್ರೆಯ ಎಡದಂಡೆಯ ಕಾಲುವೆ ಇದಕ್ಕೆ ಕನ್ನಡಿ ಹಿಡಿದಂತಿದೆ. ಕಾಲುವೆಯ ನೀರು ಗಂಗಾವತಿ, ಕಾರಟಗಿಗಳನ್ನು ಭತ್ತದ ನಾಡಾಗಿ ಮಾಡಿತು. ಕನಕಗಿರಿಯ ಬಹುಭಾಗ ಮಳೆಯನ್ನೇ ನಂಬಿ ಉಳಿಯಿತು. ಒಂದೇ ವಿಧಾನಸಭಾ ಕ್ಷೇತ್ರದಲ್ಲಿ ಭತ್ತದ ಗದ್ದೆಯೂ ಇದೆ, ಮಳೆಯಾಶ್ರಿತ ಹೊಲವೂ ಇದೆ. ನೀರು ಬಿಡುವ ದಿನವನ್ನು ತೀರ್ಮಾನಿಸುವುದು ಮಂತ್ರಿಗಳು, ಶಾಸಕರು, ಅಧಿಕಾರಿಗಳು ಕೂಡಿದ ನೀರಾವರಿ ಸಲಹಾ ಸಮಿತಿ. ಕಾಲುವೆಯ ರೈತನು ಅಲ್ಲಿ ತನ್ನ ಕೂಗನ್ನು ಮುಟ್ಟಿಸಬಲ್ಲನು. ಕಾಲುವೆಯೇ ಇಲ್ಲದವನ ವಿಷಯ ಆ ಸಭೆಯ ಮುಂದೆ ಬರುವುದೇ ಇಲ್ಲ. ಬ್ಯಾಕ್ರಾಕ್, ಬಾರಾಟ್ಸರ ಆಕ್ಷೇಪಣೆಗೆ ಇದಕ್ಕಿಂತ ನೇರವಾದ ಉದಾಹರಣೆಯನ್ನು ನ್ಯೂಹೇವನ್ನಿನಲ್ಲಿ ಹುಡುಕಬೇಕಾಗಿಲ್ಲ.

ಪಂಚಾಯತಿಗಳ ಮಾತನ್ನು ಇಲ್ಲಿ ವಿಸ್ತರಿಸುವುದಿಲ್ಲ. ೧೯೮೩ರ ಕಾಯಿದೆಯಂತೆ ೧೯೮೭ರಲ್ಲಿ ನಡೆದ ಚುನಾವಣೆಗಳಲ್ಲಿ ಕರ್ನಾಟಕವು ಸ್ತ್ರೀಯರಿಗೆ ಕಾಲುಭಾಗ ಸ್ಥಾನಗಳನ್ನು ಮೀಸಲಿಟ್ಟದ್ದು ಎಪ್ಪತ್ಮೂರನೆಯ ತಿದ್ದುಪಡಿಗೂ ಮುಂಚಿನ ಮಾತೆಂದು ವಿದ್ಯಾರ್ಥಿಗಳು ತಿಳಿದಿದ್ದರೆ ಸಾಕು; ಉಳಿದದ್ದಕ್ಕೆ ಪ್ರತ್ಯೇಕ ಲೇಖನವೇ ಬೇಕಾದೀತು.

೪

ಇಷ್ಟನ್ನು ಓದಿದವರು, ಹಾಗಾದರೆ ಈ ಸೀಮೆಯ ಪೌರತ್ವ ವಶೀಲಿಯಲ್ಲಿಯೇ ಮುಗಿಯಿತೆ ಎಂದು ಕೇಳಬಹುದು. ನಮ್ಮ ಆಕ್ಷೇಪಣೆಯ ಮುಖ್ಯ ಭಾಗ ಬರುವುದು ಇಲ್ಲಿಯೇ. ರಚನೆಯ ಹಂತದ ಪ್ರಭಾವವೇ ಪೌರತ್ವದ ಶಿಖರವೆಂದೂ, ನಿಯಮದಂತೆ ನಡೆಸಿಕೊಳ್ಳಿರೆಂದು ಕೇಳುವುದು ಬರಿಯ ಅಧೀನನ ಗುಣವೆಂದೂ ಎಣಿಸುವ ತರತಮವೇ ನಮಗೆ ಒಪ್ಪಿಗೆಯಾಗುವುದಿಲ್ಲ.

ಗಂಗಾವತಿ ತಾಲ್ಲೂಕಿನ ಮರಕುಂಬಿ ಎಂಬ ಹಳ್ಳಿಯಲ್ಲಿ ದಲಿತರಿಗೆ ಹೋಟೆಲಿನಲ್ಲಿಯೂ ಕ್ಷೌರದಂಗಡಿಯಲ್ಲಿಯೂ ಪ್ರವೇಶವಿರಲಿಲ್ಲ. ಅದನ್ನು ಅವರು ಪ್ರಶ್ನಿಸಿದ ಹಿನ್ನೆಲೆಯಲ್ಲಿ ೨೦೧೪ರ ಆಗಸ್ಟಿನಲ್ಲಿ ಅವರ ಮೇಲೆ ಹಲ್ಲೆ ನಡೆದು ಗುಡಿಸಲುಗಳಿಗೆ ಬೆಂಕಿ ಬಿತ್ತು. ಮೊಕದ್ದಮೆ ಹತ್ತು ವರ್ಷ ನಡೆಯಿತು. ೨೦೨೪ರ ಅಕ್ಟೋಬರಿನಲ್ಲಿ ಕೊಪ್ಪಳದ ಜಿಲ್ಲಾ ನ್ಯಾಯಾಲಯವು ೯೮ ಮಂದಿಗೆ ಜೀವಾವಧಿ ಶಿಕ್ಷೆಯನ್ನು ವಿಧಿಸಿತು. ತರುವಾಯ ಮೇಲ್ಮನವಿಗಳು ಉಚ್ಚ ನ್ಯಾಯಾಲಯಕ್ಕೆ ಹೋದವು. ಶಿಕ್ಷೆಯ ಪ್ರಮಾಣವನ್ನು ಕುರಿತು ಪತ್ರಿಕೆಗಳು ಬಹಳ ಬರೆದವು. ನಮ್ಮ ಗಮನ ಅದರ ಮೇಲಿಲ್ಲ. ಹಳ್ಳಿಯವರು ಕೇಳಿದ್ದು ಏನೆಂಬುದರ ಮೇಲಿದೆ. ಅವರು ಹೊಸ ಕಾನೂನನ್ನು ಕೇಳಲಿಲ್ಲ. ಅಸ್ಪೃಶ್ಯತೆಯ ಆಚರಣೆಯನ್ನು ಸಂವಿಧಾನದ ಹದಿನೇಳನೆಯ ವಿಧಿ ೧೯೫೦ರಲ್ಲಿಯೇ ನಿಷೇಧಿಸಿತ್ತು. ೧೯೫೫ರ ಕಾಯಿದೆ ಹೋಟೆಲು, ಅಂಗಡಿಗಳಲ್ಲಿ ಪ್ರವೇಶ ನಿರಾಕರಿಸುವುದನ್ನು ಅಪರಾಧವೆಂದಿತ್ತು. ೧೯೮೯ರ ದೌರ್ಜನ್ಯ ತಡೆ ಕಾಯಿದೆ ಅದರ ಮೇಲೆ ಬಂದಿತ್ತು. ಅಂದರೆ ಆಲ್ಮಂಡ್, ವರ್ಬಾ ಅವರ ಪ್ರಶ್ನೆಯಂತೆ ಅನ್ಯಾಯದ ಕಾನೂನನ್ನು ತಡೆಯುವ ಸಾಮರ್ಥ್ಯ ಇಲ್ಲಿ ಬೇಕಾಗಿರಲಿಲ್ಲ. ಬೇಕಾಗಿದ್ದುದು ನ್ಯಾಯದ ಕಾನೂನನ್ನು ಹೋಟೆಲಿನ ಬೆಂಚಿನವರೆಗೆ ನಡೆಸಿಕೊಂಡು ಬರುವ ಧೈರ್ಯ.

ಇದೇ ಧೈರ್ಯವನ್ನು ಅಮೆರಿಕದಲ್ಲಿಯೂ ಕಾಣುತ್ತೇವೆ. ಉತ್ತರ ಕ್ಯಾರೊಲಿನದ ಗ್ರೀನ್ಸ್‌ಬರೊ ಪಟ್ಟಣದಲ್ಲಿ ೧೯೬೦ರ ಫೆಬ್ರವರಿ ೧ರಂದು ನಾಲ್ವರು ಕರಿಯ ವಿದ್ಯಾರ್ಥಿಗಳು ಬಿಳಿಯರಿಗೆ ಮೀಸಲಾದ ಊಟದ ಕಟ್ಟೆಯ ಮುಂದೆ ಕೂತು ಕಾಫಿ ಕೇಳಿದರು. ಕೊಡಲಿಲ್ಲ; ಅವರು ಏಳಲಿಲ್ಲ. ಮುಂದೆ ಅನೇಕ ಪಟ್ಟಣಗಳಿಗೆ ಹಬ್ಬಿದ ಆ ಸತ್ಯಾಗ್ರಹವು ೧೯೬೪ರ ಪೌರಹಕ್ಕುಗಳ ಕಾಯಿದೆಗೆ ದಾರಿ ಮಾಡಿದ ಘಟನೆಗಳಲ್ಲಿ ಒಂದು. ಅಂಗಡಿ ಹೋಟೆಲುಗಳನ್ನು ಕುರಿತು ನಮ್ಮ ೧೯೫೫ರ ಕಾಯಿದೆ ಹೇಳಿದ್ದನ್ನು ಅವರ ಒಕ್ಕೂಟದ ಕಾಯಿದೆ ಹೇಳಿದ್ದು ಒಂಬತ್ತು ವರ್ಷಗಳ ಮೇಲೆ. ‘ದಿ ಸಿವಿಕ್ ಕಲ್ಚರ್’ ಗ್ರಂಥದ ಸಮೀಕ್ಷೆ ಸರಿಯಾಗಿ ಇದೇ ಕಾಲದ್ದೆಂಬುದನ್ನು ಓದುಗರು ಈಗ ಜ್ಞಾಪಿಸಿಕೊಳ್ಳಬೇಕು. ಆತ್ಮವಿಶ್ವಾಸದಿಂದ ತುಂಬಿದ ಅಮೆರಿಕದ ಪೌರನ ಚಿತ್ರವನ್ನು ಆ ಗ್ರಂಥ ಬಿಡಿಸುತ್ತಿದ್ದಾಗ, ಕಾಫಿಗಾಗಿ ಕೂತವರಿಗೆ ಆ ಚಿತ್ರದಲ್ಲಿ ದೊರೆತ ಸ್ಥಳ ಅತ್ಯಲ್ಪ. ಅವರನ್ನು ಗ್ರಂಥದ ಯಾವ ಕೋಷ್ಟಕದಲ್ಲಿ ಸೇರಿಸಬೇಕು? ನಿಯಮದಂತೆ ನಡೆಸಿಕೊಳ್ಳಿರೆಂದು ಕೇಳಿದ್ದರಿಂದ ಅವರು ಅಧೀನರೆ? ಕೂತದ್ದರಿಂದ ಒಂದು ದೇಶದ ಕಾನೂನೇ ಬದಲಾದುದರಿಂದ ಪೌರರೆ? ಕೋಷ್ಟಕವೇ ಸರಿಯಿಲ್ಲವೆಂದು ಹೇಳಬೇಕಾಗುತ್ತದೆ.

ವಶೀಲಿಗೂ ಈ ಧೈರ್ಯಕ್ಕೂ ನಡುವಿನ ಅಂತರವನ್ನು ಮಾತ್ರ ಮಸುಕುಮಾಡಬಾರದು. ಎರಡೂ ಜಾರಿಯ ಹಂತದಲ್ಲಿಯೇ ನಡೆಯುತ್ತವೆ. ಅದಕ್ಕಾಗಿ ಸ್ಕಾಟ್ ಅವರ ವಿವೇಚನೆಯಲ್ಲಿಯೂ ಒಂದು ಕೊರತೆಯಿದೆಯೆಂದು ನಾವು ಭಾವಿಸುತ್ತೇವೆ. ವಶೀಲಿಯುಳ್ಳವನು ನಿಯಮವು ತನಗಾಗಿ ಬಾಗಬೇಕೆನ್ನುತ್ತಾನೆ; ಮರಕುಂಬಿಯವರು ನಿಯಮವು ಯಾರಿಗಾಗಿಯೂ ಬಾಗಬಾರದೆಂದರು. ವಶೀಲಿ ಒಬ್ಬೊಬ್ಬರಾಗಿ ಬಾಗಿಲು ತಟ್ಟುತ್ತದೆ, ಒಬ್ಬನಿಗೆ ದೊರೆತರೆ ಇನ್ನೊಬ್ಬನಿಗೆ ಕಡಿಮೆಯಾಗುತ್ತದೆ. ಹೋಟೆಲಿನ ಬಾಗಿಲು ಒಬ್ಬನಿಗೆ ತೆರೆದರೆ ಎಲ್ಲರಿಗೂ ತೆರೆದಂತೆ. ಮೀಸಲು ಕ್ಷೇತ್ರದಿಂದ ಆರಿಸಿಹೋದ ಶಾಸಕನು ಸರ್ಕಾರದ ಉಳಿವನ್ನೇ ನಿರ್ಣಯಿಸುವಷ್ಟು ಪ್ರಭಾವಶಾಲಿಯಾದ ಕಾಲಕ್ಕೆ ಕೆಲವೇ ವರ್ಷಗಳ ತರುವಾಯ, ಅದೇ ಸೀಮೆಯ ಹಳ್ಳಿಯಲ್ಲಿ ಕ್ಷೌರದಂಗಡಿಯ ಬಾಗಿಲು ಮುಚ್ಚಿಯೇ ಇತ್ತೆಂಬ ಸಂಗತಿ, ಒಂದು ಬಗೆಯ ಪ್ರಭಾವವು ಇನ್ನೊಂದಾಗಿ ತಾನೇ ಪರಿವರ್ತನೆಗೊಳ್ಳುವುದಿಲ್ಲವೆಂಬುದಕ್ಕೆ ಸಾಕ್ಷಿ.

ರಾಜ್ಯಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರತಿವರ್ಷವೂ ಪ್ರಶ್ನಾವಳಿಗಳನ್ನು ಹಿಡಿದು ಹಳ್ಳಿಗಳಿಗೆ ಹೋಗುತ್ತಾರೆ. ಅವುಗಳಲ್ಲಿ ಬಹುಪಾಲು ೧೯೬೩ರ ಆ ಗ್ರಂಥದ ಪ್ರಶ್ನೆಗಳ ಅನುವಾದ, ಅನುವಾದದ ಅನುವಾದ. ಅನ್ಯಾಯದ ಕಾನೂನು ಬಂದರೆ ಏನು ಮಾಡುವಿರಿ ಎಂದು ಕೇಳಿದಾಗ ಹಳ್ಳಿಯವನು ಸುಮ್ಮನಿದ್ದರೆ, ‘ಸಾಮರ್ಥ್ಯವಿಲ್ಲ’ ಎಂಬ ಅಂಕಣದಲ್ಲಿ ಗುರುತು ಹಾಕಿ ಮುಂದಿನ ಮನೆಗೆ ನಡೆಯುತ್ತಾರೆ. ಆ ಪ್ರಶ್ನೆಯ ಕೆಳಗೆ ಇನ್ನೊಂದನ್ನು ಸೇರಿಸಬೇಕೆಂಬುದು ನಮ್ಮ ಸೂಚನೆ: ಇರುವ ಒಳ್ಳೆಯ ಕಾನೂನು ನಿಮ್ಮ ಓಣಿಯವರೆಗೆ ಬಾರದಿದ್ದಾಗ ನೀವು ಏನು ಮಾಡಿದಿರಿ, ಯಾರೊಡನೆ ಕೂಡಿ ಮಾಡಿದಿರಿ, ಅದರ ಫಲವೇನಾಯಿತು? ಉತ್ತರವನ್ನು ಬರೆದುಕೊಳ್ಳಲು ಅಂಕಣ ಸಾಲದೆ ಹೋಗಬಹುದು. ಹಾಳೆಯ ಹಿಂಬದಿಯನ್ನು ಬಿಟ್ಟಿರುವುದು ಒಳ್ಳೆಯದು.